ತುಂಟನೋ, ಎಡಿಎಚ್‌ಡಿಯೋ: ವಯಸ್ಸಿನ ಲೆಕ್ಕ ತಪ್ಪುತ್ತಿರುವುದು ಎಲ್ಲಿ?

ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಚಡಪಡಿಕೆ, ದುಡುಕು ಕಾಣಿಸುವ ಬೆಳವಣಿಗೆಯ ತೊಂದರೆ) ಇರಬಹುದಾ ಎಂಬ ಅನುಮಾನ ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಮನೆಯೊಳಗೆ ಹುಟ್ಟುವುದಿಲ್ಲ. ಶಾಲೆಯಿಂದ ಬರುತ್ತದೆ. ಡೈರಿಯಲ್ಲಿ ಕೆಂಪಿಂಕಿನ ಒಂದು ಸಾಲು. ಪೋಷಕರ ಸಭೆಯ (ಪಿಟಿಎಂ) ದಿನ ಬೇರೆಯವರಿಗಿಂತ ಐದು ನಿಮಿಷ ಜಾಸ್ತಿ ಕೂರಿಸಿಕೊಂಡು ಮಿಸ್ ಆಡಿದ ಮಾತು. ಇಲ್ಲವೇ 'ಒಂದ್ಸಲ ಕೌನ್ಸೆಲರ್ ಹತ್ರ ಮಾತಾಡಿ' ಎಂಬ ವಾಟ್ಸಾಪ್ ಮೆಸೇಜು. ಅಲ್ಲಿಂದ ಮನೆಯಲ್ಲಿ ಪಂಚಾಯಿತಿ ಶುರು. 'ಅವರಪ್ಪನೂ ಹೀಗೇ ಇದ್ದ, ಕೂತಲ್ಲಿ ಕೂರ್ತಿರ್ಲಿಲ್ಲ' ಅಂತ ಅಜ್ಜಿ. ಅಪ್ಪ ರಾತ್ರಿಯೆಲ್ಲ ಗೂಗಲ್‌ನಲ್ಲಿ. ಅಮ್ಮನದು ಒಂದೇ ಪ್ರಶ್ನೆ: 'ಇನ್ನೂ ನಾಲ್ಕು ವರ್ಷ. ಇಷ್ಟು ಬೇಗ ಇದನ್ನೆಲ್ಲ ಹೇಳೋಕಾಗುತ್ತಾ?'

ಅಮ್ಮನ ಪ್ರಶ್ನೆಗೆ ವೈದ್ಯಕೀಯ ಪುಸ್ತಕಗಳಲ್ಲಿ ಉತ್ತರ ಇದೆ. ಆದರೆ ನಮ್ಮೂರಿನಲ್ಲಿ ಯಾವ ಮಗು ಯಾವ ವಯಸ್ಸಿಗೆ ಡಾಕ್ಟರ ಮುಂದೆ ಬಂದು ಕೂರುತ್ತದೆ ಎಂಬುದು ಆ ಪುಸ್ತಕದಿಂದ ತೀರ್ಮಾನವಾಗುತ್ತಿಲ್ಲ. ಶಾಲೆಗೆ ಸೇರಿಸಿದ ತಿಂಗಳು, ತರಗತಿಯಲ್ಲಿರುವ ಮಕ್ಕಳ ಸಂಖ್ಯೆ, ಮಗು ಹುಡುಗನೋ ಹುಡುಗಿಯೋ, ಶಾಲೆಯ ಫೀಸು ಎಷ್ಟು, ಇವು ಅದನ್ನು ತೀರ್ಮಾನಿಸುತ್ತಿವೆ. ನೇರವಾಗಿ ಹೇಳಬೇಕೆಂದರೆ, ಸುತ್ತಲಿನ ದೊಡ್ಡವರ ತಾಳ್ಮೆ ಯಾವಾಗ ಮುಗಿಯಿತೋ ಅದೇ ಆ ಮಗುವಿನ ಡಯಾಗ್ನೋಸಿಸ್ ವಯಸ್ಸು. ಹಾಗಾಗಿಯೇ ಒಂದೇ ನಗರದಲ್ಲಿ ಎರಡು ತಪ್ಪುಗಳು ಒಟ್ಟೊಟ್ಟಿಗೆ ನಡೆಯುತ್ತಿವೆ. ಕೆಲವು ಮಕ್ಕಳಿಗೆ ತೀರಾ ಬೇಗ ಹೆಸರಿಡುತ್ತಿದ್ದೇವೆ. ಇನ್ನು ಕೆಲವರು ತೀರಾ ತಡವಾಗಿ ನಮ್ಮ ಕಣ್ಣಿಗೆ ಬೀಳುತ್ತಿದ್ದಾರೆ.

ನಿಯಮ ಏನಿದೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಲಕ್ಷಣ ಶುರುವಾಗುವ ವಯಸ್ಸು ಬೇರೆ, ಡಾಕ್ಟರು ಅದಕ್ಕೆ ಹೆಸರು ಹೇಳುವ ವಯಸ್ಸು ಬೇರೆ. ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ಡಿಎಸ್‌ಎಂ ಎಂಬ ಕೈಪಿಡಿಯನ್ನು ನಮ್ಮ ವೈದ್ಯರೂ ಬಳಸುತ್ತಾರೆ. ಅದರ ನಾಲ್ಕನೇ ಆವೃತ್ತಿಯಲ್ಲಿ, ತೊಂದರೆ ಕೊಡುವ ಲಕ್ಷಣಗಳು 7 ವರ್ಷಕ್ಕೆ ಮೊದಲೇ ಕಂಡಿರಬೇಕು ಎಂದಿತ್ತು. 2013ರಲ್ಲಿ ಬಂದ ಐದನೇ ಆವೃತ್ತಿ ಅದನ್ನು 12 ವರ್ಷಕ್ಕೆ ಏರಿಸಿತು. ಏಕೆಂದರೆ ಏಳು ವರ್ಷದವರೆಗೆ ಹೇಗೋ ನಿಭಾಯಿಸಿಕೊಂಡು ಬಂದ ಎಷ್ಟೋ ಮಕ್ಕಳು, ಓದು ಕಷ್ಟವಾದಾಗ ಮಾತ್ರ ಸಿಕ್ಕಿಬೀಳುತ್ತಿದ್ದರು. ಈಗ 12ರೊಳಗೆ ಕೆಲವು ಲಕ್ಷಣ ಇದ್ದವು ಅಂತ ಗೊತ್ತಾದರೆ ಸಾಕು. ಡಯಾಗ್ನೋಸಿಸ್ 15ಕ್ಕೂ ಆಗಬಹುದು, 40ಕ್ಕೂ ಆಗಬಹುದು.

ಪಟ್ಟಿಯಲ್ಲಿ ಒಟ್ಟು 18 ಲಕ್ಷಣಗಳಿವೆ. ಗಮನ ನಿಲ್ಲದಿರುವುದಕ್ಕೆ 9, ಚಡಪಡಿಕೆ ಮತ್ತು ದುಡುಕಿಗೆ 9. ಯಾವುದಾದರೂ ಒಂದು ಗುಂಪಿನಲ್ಲಿ ಕನಿಷ್ಠ 6 ಇರಬೇಕು. 17 ತುಂಬಿದವರಿಗೆ 5 ಸಾಕು. ಆರು ತಿಂಗಳಾದರೂ ಬಿಡದೆ ಇರಬೇಕು. ಆ ವಯಸ್ಸಿನ ಬೇರೆ ಮಕ್ಕಳಿಗಿಂತ ಎದ್ದು ಕಾಣುವಷ್ಟಿರಬೇಕು. ಒಂದಕ್ಕಿಂತ ಹೆಚ್ಚು ಜಾಗದಲ್ಲಿ, ಅಂದರೆ ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು. ಅದರಿಂದ ಮಗುವಿನ ಬದುಕಿಗೆ ನಿಜವಾಗಿ ತೊಂದರೆ ಆಗುತ್ತಿರಬೇಕು. ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಇದನ್ನು ಪತ್ತೆ ಮಾಡುವ ದಾರಿ ಇಲ್ಲ. ಡಾಕ್ಟರು ಕೇಳುತ್ತಾರೆ, ನೋಡುತ್ತಾರೆ, ಅಪ್ಪ ಅಮ್ಮ ಮತ್ತು ಟೀಚರ್ ತುಂಬಿದ ಫಾರ್ಮು ಓದುತ್ತಾರೆ. ಅಷ್ಟೇ. ಅಂದರೆ ಇಡೀ ತೀರ್ಮಾನ ದೊಡ್ಡವರು ಏನು ಗಮನಿಸಿದರು ಎಂಬುದರ ಮೇಲೆ ನಿಂತಿದೆ.

ಹಾಗಾದರೆ ಕನಿಷ್ಠ ವಯಸ್ಸು? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ 4ರಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಬಹುದು ಎಂದಿತು. 2019ರಲ್ಲಿ ಅದನ್ನೇ ಉಳಿಸಿಕೊಂಡಿತು. ನಾಲ್ಕಕ್ಕಿಂತ ಚಿಕ್ಕವರಲ್ಲಿ ಯಾವುದು ಆ ವಯಸ್ಸಿನ ಸಹಜ ಓಡಾಟ, ಯಾವುದು ತೊಂದರೆ ಅಂತ ಬೇರ್ಪಡಿಸುವುದು ತುಂಬಾ ಕಷ್ಟ. ನಮ್ಮ ದೇಶದಲ್ಲಿ ಲೆಕ್ಕ ಇನ್ನೂ ಸ್ವಲ್ಪ ಮೇಲಿದೆ. ಭಾರತದ ಐದು ಕಡೆ 2ರಿಂದ 9 ವರ್ಷದ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಅಳೆದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಟಿಸಂ, ಕಿವಿ ಕೇಳದಿರುವುದು, ಮಾತಿನ ತೊಂದರೆ ಮುಂತಾದವನ್ನು ಎರಡು ವರ್ಷದಿಂದಲೇ ನೋಡಿದರು. ಎಡಿಎಚ್‌ಡಿ ಮತ್ತು ಕಲಿಕೆಯ ತೊಂದರೆಯನ್ನು ಮಾತ್ರ 6 ವರ್ಷ ದಾಟಿದವರಲ್ಲಿ ನೋಡಿದರು. ಕ್ಲಿನಿಕ್ಕುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವ್ಯಾಂಡರ್‌ಬಿಲ್ಟ್ ಎಂಬ ಪ್ರಶ್ನಾವಳಿಯೂ 6ರಿಂದ 12 ವರ್ಷದವರಿಗೆ ಮಾಡಿದ್ದು.

ಅಮೆರಿಕದಲ್ಲಿ ಪೋಷಕರನ್ನು ಕೇಳಿ ಮಾಡಿದ ಸಮೀಕ್ಷೆಯೊಂದರಲ್ಲಿ, ತೀವ್ರವಾಗಿದ್ದ ಮಕ್ಕಳಿಗೆ ಸುಮಾರು 4ನೇ ವಯಸ್ಸಿಗೆ, ಮಧ್ಯಮವಾಗಿದ್ದವರಿಗೆ 6ಕ್ಕೆ, ಸೌಮ್ಯವಾಗಿದ್ದವರಿಗೆ 7ಕ್ಕೆ ಡಯಾಗ್ನೋಸಿಸ್ ಆಗಿತ್ತು. ಇದು ಒಪ್ಪುವಂಥ ಕ್ರಮ. ಜೋರಾಗಿದ್ದರೆ ಬೇಗ ಕಾಣುತ್ತದೆ. ಆದರೆ ಅದೇ ದೇಶದ 2022ರ ಸಮೀಕ್ಷೆಯಲ್ಲಿ 3ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 11.4 ಮಂದಿಗೆ ಎಂದಾದರೂ ಎಡಿಎಚ್‌ಡಿ ಎಂದು ಹೇಳಲಾಗಿತ್ತು. ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟು ಹಾಕಿದರೆ ಬರುವ ಅಂದಾಜು ನೂರಕ್ಕೆ 5ರ ಆಸುಪಾಸು. ಈ ಅಂತರ ಬರೀ ಮಕ್ಕಳ ಮೆದುಳಿನಿಂದ ಬಂದದ್ದು ಅಂತ ನಂಬುವುದು ಕಷ್ಟ.

ಹುಟ್ಟಿದ ತಿಂಗಳ ಪ್ರಶ್ನೆ

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಇದು. ನಮ್ಮಲ್ಲಿ ಇದರ ಬಗ್ಗೆ ಮಾತೇ ಕಡಿಮೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಲೆಗೆ ಸೇರಿಸಲು ಸೆಪ್ಟೆಂಬರ್ 1 ಗಡುವು. ಆಗಸ್ಟ್‌ನಲ್ಲಿ ಹುಟ್ಟಿದ ಮಗು ಆ ವರ್ಷವೇ ಸೇರುತ್ತದೆ, ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದಾಗಿ. ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು ಒಂದು ವರ್ಷ ಕಾಯುತ್ತದೆ, ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಸೇರುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ವಿಮೆ ದಾಖಲೆಗಳನ್ನು ನೋಡಿತು. ಈ ಗಡುವು ಇರುವ ರಾಜ್ಯಗಳಲ್ಲಿ ಆಗಸ್ಟ್ ಮಕ್ಕಳಿಗೆ ಎಡಿಎಚ್‌ಡಿ ಎಂದು ಹೇಳಿದ ಪ್ರಮಾಣ 10,000ಕ್ಕೆ 85. ಸೆಪ್ಟೆಂಬರ್ ಮಕ್ಕಳಲ್ಲಿ 10,000ಕ್ಕೆ 64. ಮೂರನೇ ಒಂದು ಭಾಗದಷ್ಟು ವ್ಯತ್ಯಾಸ. ಸೆಪ್ಟೆಂಬರ್ 1ರ ಗಡುವು ಇಲ್ಲದ ರಾಜ್ಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮೆದುಳಿಗೆ ಗಡುವಿನ ದಿನಾಂಕ ಗೊತ್ತಿರುವುದಿಲ್ಲ, ಅಲ್ವಾ? ಶಾಲೆಗೆ ಗೊತ್ತಿರುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಯುತ್ತದೆ. ಅಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2012ರ ಅಧ್ಯಯನದಲ್ಲಿ, ಜನವರಿಯಲ್ಲಿ ಹುಟ್ಟಿದವರಿಗಿಂತ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ನೂರಕ್ಕೆ 30ರಷ್ಟು, ಹುಡುಗಿಯರಿಗೆ 70ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂದು ಹೇಳಲಾಗಿತ್ತು. ಮಾತ್ರೆ ಬರೆದುಕೊಟ್ಟದ್ದರಲ್ಲೂ ಇದೇ ಕಥೆ. ಡೆನ್ಮಾರ್ಕ್‌ನಲ್ಲಿ ಮಾತ್ರ ಈ ಪರಿಣಾಮ ಹೆಚ್ಚುಕಡಿಮೆ ಕಾಣಲಿಲ್ಲ. ಅಲ್ಲಿ ಮಗು ಇನ್ನೂ ಪುಟ್ಟದು ಅನ್ನಿಸಿದರೆ ಒಂದು ವರ್ಷ ತಡವಾಗಿ ಸೇರಿಸುವುದು ಮಾಮೂಲು.

ಈಗ ಕರ್ನಾಟಕಕ್ಕೆ ಬನ್ನಿ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ಸರ್ಕಾರ 2022ರಲ್ಲಿ ಆದೇಶ ಮಾಡಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳ ಪೋಷಕರು ಗಲಾಟೆ ಮಾಡಿದ ಮೇಲೆ ಅದನ್ನು 2025-26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ ಮತ್ತೆ ಒತ್ತಡ. ಏಪ್ರಿಲ್ 2025ರಲ್ಲಿ, ಆ ಒಂದು ಸಾಲಿಗೆ ಮಾತ್ರ ಎಂದು ಹೇಳಿ, 5 ವರ್ಷ 5 ತಿಂಗಳಾದವರಿಗೂ ಅವಕಾಶ ಕೊಟ್ಟಿತು. 'ನಮ್ಮ ಮಗುವಿಗೆ ಒಂದು ವರ್ಷ ವೇಸ್ಟ್ ಆಗುತ್ತೆ' ಎಂಬ ಪೋಷಕರ ಸಂಕಟ ಅರ್ಥವಾಗುತ್ತದೆ. ಫೀಸು ಕಟ್ಟಿದವರು ಅವರು.

ಆದರೆ ಆ ತರಗತಿಯ ಒಳಗೆ ಏನಾಯಿತು ನೋಡಿ. ಜೂನ್ 2018ರಲ್ಲಿ ಹುಟ್ಟಿ ಹಿಂದಿನ ವರ್ಷ ಕಾದು ಬಂದ ಮಗು ಒಂದು ಬೆಂಚಿನಲ್ಲಿದೆ. ಡಿಸೆಂಬರ್ 2019ರಲ್ಲಿ ಹುಟ್ಟಿದ ಮಗು ಪಕ್ಕದ ಬೆಂಚಿನಲ್ಲಿದೆ. ಇಬ್ಬರ ನಡುವೆ ಒಂದೂವರೆ ವರ್ಷ. ಒಬ್ಬನಿಗೆ ಏಳು ತುಂಬುತ್ತಿದೆ, ಇನ್ನೊಬ್ಬನಿಗೆ ಐದೂವರೆ. ಇಬ್ಬರಿಗೂ ಒಂದೇ ಕಾಪಿ ರೈಟಿಂಗ್ ಪುಸ್ತಕ, ಒಂದೇ ಡಿಕ್ಟೇಷನ್, 40 ನಿಮಿಷದ ಒಂದೇ ಪೀರಿಯಡ್. ಚಿಕ್ಕವನು ಪೆನ್ಸಿಲ್ ಕಚ್ಚುತ್ತಾನೆ, ಪಕ್ಕದವನ ರಬ್ಬರ್ ಎಳೆಯುತ್ತಾನೆ, ಕಿಟಕಿ ಹತ್ತಿರ ಹೋಗುತ್ತಾನೆ. ಮಿಸ್ ಕಣ್ಣಿಗೆ ಅವನು 'ಈ ಕ್ಲಾಸಿನ ಬೇರೆ ಮಕ್ಕಳ ಹಾಗಿಲ್ಲ'. ನಿಜ, ಇಲ್ಲ. ಅವನು ಯುಕೆಜಿಯ ಮಕ್ಕಳ ಹಾಗಿದ್ದಾನೆ, ಅವನ ವಯಸ್ಸು ಅದೇ ತಾನೆ.

ಇದರಲ್ಲಿ ಟೀಚರುಗಳನ್ನು ದೂರಿ ಪ್ರಯೋಜನವಿಲ್ಲ. ಎದುರಿಗೆ ಮೂವತ್ತೈದು ಮಕ್ಕಳಿರುವಾಗ ಹೋಲಿಕೆ ತಾನಾಗಿ ಬರುತ್ತದೆ. ಆದರೆ ಮಗುವನ್ನು ನೋಡುವ ವೈದ್ಯರು, ಕೌನ್ಸೆಲರ್‌ಗಳು ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಕ್ಲಾಸು?' ಅಲ್ಲ. 'ಹುಟ್ಟಿದ ತಾರೀಖು ಏನು, ಕ್ಲಾಸಿನಲ್ಲಿ ಇವನಿಗಿಂತ ಚಿಕ್ಕವರು ಎಷ್ಟು ಜನ?' ಅಪ್ಪ ಅಮ್ಮಂದಿರೇ ಇದನ್ನು ಹೇಳಿಬಿಟ್ಟರೆ ಇನ್ನೂ ಒಳ್ಳೆಯದು. 2025-26ರಲ್ಲಿ ಸಡಿಲಿಕೆಯಲ್ಲಿ ಸೇರಿದ ಮಕ್ಕಳ ವಿಷಯದಲ್ಲಿ ಮುಂದಿನ ನಾಲ್ಕೈದು ವರ್ಷ ಈ ಪ್ರಶ್ನೆಯನ್ನು ಮರೆಯುವಂತಿಲ್ಲ.

ಎಡಿಎಚ್‌ಡಿ ಥರ ಕಾಣುವವು

ಬೆಂಗಳೂರಿನ ಬದುಕೇ ಕೆಲವು ಲಕ್ಷಣಗಳನ್ನು ತಯಾರು ಮಾಡುತ್ತದೆ. ನಿದ್ದೆಯ ಲೆಕ್ಕ ಹಾಕಿ. ಅಪ್ಪ ಅಮ್ಮ ಇಬ್ಬರೂ ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಮನೆ ಸೇರುವಾಗ ಎಂಟೂವರೆ. ಊಟ, ಒಂದಿಷ್ಟು ಮುದ್ದು, ಒಂದಿಷ್ಟು ಕಾರ್ಟೂನ್. ಮಗು ಮಲಗುವಾಗ ಹತ್ತೂವರೆ, ಹನ್ನೊಂದು. ಸ್ಕೂಲ್ ವ್ಯಾನ್ ಏಳಕ್ಕೆ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತದೆ, ಆರೂಕಾಲಿಗೆ ಎಬ್ಬಿಸಬೇಕು. ಏಳೂವರೆ ಗಂಟೆಯ ಆಸುಪಾಸು ನಿದ್ದೆಯಾಯಿತು. 3ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಶಿಫಾರಸು. ನಿದ್ದೆ ಕಡಿಮೆಯಾದ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಹಾಗಲ್ಲ, ಜಾಸ್ತಿ ಕುಣಿಯುತ್ತಾರೆ, ರಚ್ಚೆ ಹಿಡಿಯುತ್ತಾರೆ, ಹೇಳಿದ್ದು ತಲೆಗೆ ಹೋಗುವುದಿಲ್ಲ. ಫಾರ್ಮಿನಲ್ಲಿ ಟಿಕ್ ಬೀಳಲು ಇಷ್ಟು ಸಾಕು. ಮೂಗಿನ ಹಿಂದೆ ಅಡೆನಾಯ್ಡ್ ಬೆಳೆದು ರಾತ್ರಿಯೆಲ್ಲ ಗೊರಕೆ ಹೊಡೆಯುವ ಮಗುವಿನದೂ ಇದೇ ಪಾಡು.

ಭಾಷೆಯದು ಇನ್ನೊಂದು. ಮನೆಯಲ್ಲಿ ಕನ್ನಡವೋ ಉರ್ದುವೋ ತೆಲುಗೋ ಆಡಿಕೊಂಡು ಬೆಳೆದ ಮೂರೂವರೆ ವರ್ಷದ ಮಗುವನ್ನು ನೇರ ಇಂಗ್ಲಿಷ್ ತರಗತಿಯಲ್ಲಿ ಕೂರಿಸುತ್ತೇವೆ. ಮಿಸ್ ಹೇಳಿದ್ದು ಅರ್ಥವೇ ಆಗದಿದ್ದರೆ ಮಗು ಏನು ಮಾಡಬೇಕು? ಬೇರೆಯವರನ್ನು ನೋಡಿ ಮಾಡುತ್ತದೆ, ಇಲ್ಲವೇ ತನಗೆ ತೋಚಿದ್ದು ಮಾಡುತ್ತದೆ. 'ಹೇಳಿದ ಮಾತು ಕೇಳಲ್ಲ' ಎಂಬ ದೂರು ಬಂದಾಗ, ಯಾವ ಭಾಷೆಯಲ್ಲಿ ಹೇಳಿದ ಮಾತು ಅಂತ ಒಮ್ಮೆ ಕೇಳಿ ನೋಡಬೇಕು.

ಕಿವಿಯಲ್ಲಿ ನೀರು ತುಂಬಿ ಸರಿಯಾಗಿ ಕೇಳಿಸದಿರುವುದು, ಕಣ್ಣಿನ ಪವರ್, ರಕ್ತಹೀನತೆ, ಕ್ಷಣಹೊತ್ತು ಶೂನ್ಯ ದಿಟ್ಟಿಸಿ ಕೂರುವ ಒಂದು ಬಗೆಯ ಫಿಟ್ಸ್, ಓದುಬರಹದ ನಿರ್ದಿಷ್ಟ ತೊಂದರೆ, ಮನೆಯ ಜಗಳ, ಭಯ. ಇವೆಲ್ಲವೂ ಹೊರಗಿನಿಂದ ಎಡಿಎಚ್‌ಡಿ ಥರವೇ ಕಾಣಬಹುದು. ಎಡಿಎಚ್‌ಡಿ ಜೊತೆಗೇ ಇರಲೂಬಹುದು, ಅದೇ ತಲೆನೋವು. ಅರ್ಧ ಗಂಟೆಯ ಒಂದು ಭೇಟಿಯಲ್ಲಿ, ಟೀಚರ್ ಮಾತು ಕೇಳದೆ, ಕಿವಿ ಕಣ್ಣು ನೋಡಿಸದೆ ಹೆಸರಿಟ್ಟರೆ ಅದನ್ನು ಒಪ್ಪಬೇಕಾಗಿಲ್ಲ.

ಮೊಬೈಲಿನ ಬಗ್ಗೆ ಎರಡು ಮಾತು. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, 2ರಿಂದ 5 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ. ಅದು ಸರಿ. ಆದರೆ 'ಮೊಬೈಲ್ ಕೊಟ್ರೆ ಎರಡು ಗಂಟೆ ಅಲ್ಲಾಡದೆ ಕೂರ್ತಾನೆ, ಅವನಿಗೆಂಥ ಎಡಿಎಚ್‌ಡಿ?' ಎಂಬ ವಾದ ನಿಲ್ಲುವುದಿಲ್ಲ. ಕ್ಷಣಕ್ಷಣಕ್ಕೂ ಬಹುಮಾನ ಕೊಡುವ ಆಟದಲ್ಲಿ ಎಡಿಎಚ್‌ಡಿ ಇರುವ ಮಗುವೂ ಮುಳುಗಿ ಕೂರುತ್ತದೆ. ತೊಂದರೆ ಬರುವುದು ಬಹುಮಾನ ತಡವಾಗಿ ಬರುವ ಕೆಲಸದಲ್ಲಿ. ಮಗ್ಗಿ ಬರೆಯುವುದರಲ್ಲಿ.

ಸದ್ದಿಲ್ಲದವರು

ಇನ್ನೊಂದು ತುದಿಗೆ ಹೋಗೋಣ. ಗಲಾಟೆ ಮಾಡುವ ಹುಡುಗ ಬೇಗ ಸಿಕ್ಕಿಬೀಳುತ್ತಾನೆ. ಕೊನೆಯ ಬೆಂಚಿನಲ್ಲೋ ಮೊದಲ ಬೆಂಚಿನಲ್ಲೋ ಸುಮ್ನೆ ಕೂತು, ಬೋರ್ಡಿನ ಕಡೆ ನೋಡುತ್ತಾ, ಮನಸ್ಸನ್ನು ಎಲ್ಲೆಲ್ಲೋ ಬಿಟ್ಟುಕೊಂಡ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ರಿಪೋರ್ಟ್ ಕಾರ್ಡಿನಲ್ಲಿ 'ಒಳ್ಳೆ ಹುಡುಗಿ, ಇನ್ನೂ ಗಮನ ಕೊಡಬೇಕು' ಎಂದಿರುತ್ತದೆ. ಜಾಮಿಟ್ರಿ ಬಾಕ್ಸು, ಸ್ವೆಟರು, ನೀರಿನ ಬಾಟಲಿ ವರ್ಷಕ್ಕೆ ಎಷ್ಟು ಕಳೆದವೋ ಲೆಕ್ಕವಿಲ್ಲ. ಗಣಿತದಲ್ಲಿ ವಿಧಾನ ಸರಿ, ಕೂಡುವಾಗ ತಪ್ಪು. ಹೋಮ್‌ವರ್ಕ್ ಮಾಡಿದ್ದಾಳೆ, ಪುಸ್ತಕ ಮನೆಯಲ್ಲೇ ಬಿಟ್ಟು ಬಂದಿದ್ದಾಳೆ. ಮೇಲೆ ಹೇಳಿದ 2022ರ ಸಮೀಕ್ಷೆಯಲ್ಲಿ ಹುಡುಗರಲ್ಲಿ ನೂರಕ್ಕೆ 15 ಮಂದಿಗೆ, ಹುಡುಗಿಯರಲ್ಲಿ 8 ಮಂದಿಗೆ ಡಯಾಗ್ನೋಸಿಸ್ ಆಗಿತ್ತು. ಈ ವ್ಯತ್ಯಾಸದಲ್ಲಿ ಒಂದು ಪಾಲು ನಿಜ ಇರಬಹುದು. ಆದರೆ ದೊಡ್ಡವರಾದ ಮೇಲೆ ಡಯಾಗ್ನೋಸಿಸ್ ಆಗುವವರಲ್ಲಿ ಹೆಂಗಸರ ಪಾಲು ಏರುತ್ತದೆ. ಅಂದರೆ ಶಾಲೆಯಲ್ಲಿ ಯಾರೂ ನೋಡಲಿಲ್ಲ ಅಂತಲೇ ಅರ್ಥ.

ಇಂಥ ಮಕ್ಕಳು ಐದನೇ ಕ್ಲಾಸಿನವರೆಗೆ ಅಮ್ಮನ ಬೆನ್ನುಬಲದಿಂದ ದಾಟುತ್ತಾರೆ. ಅಮ್ಮ ಬ್ಯಾಗ್ ಜೋಡಿಸುತ್ತಾಳೆ, ಪಕ್ಕದಲ್ಲೇ ಕೂತು ಓದಿಸುತ್ತಾಳೆ, ವಾಟ್ಸಾಪ್ ಗ್ರೂಪಿನಿಂದ ಹೋಮ್‌ವರ್ಕ್ ಹುಡುಕಿ ತೆಗೆಯುತ್ತಾಳೆ. ಎಂಟನೇ ಕ್ಲಾಸಿಗೆ ಸಬ್ಜೆಕ್ಟು ಜಾಸ್ತಿಯಾಗುತ್ತವೆ, ಅಮ್ಮನ ಕೈಮೀರುತ್ತದೆ. ಮಾರ್ಕ್ಸು ಕುಸಿಯುತ್ತದೆ. ಆಗಲೂ ಮೊದಲು ಬರುವ ಹೆಸರು 'ಸೋಮಾರಿ'. ಎರಡನೆಯದು ಟ್ಯೂಷನ್. ಪಿಯುಸಿ ಹೊತ್ತಿಗೆ ತನ್ನ ಬಗ್ಗೆಯೇ ನಂಬಿಕೆ ಕಳೆದುಕೊಂಡು ಆತಂಕಕ್ಕೋ ಖಿನ್ನತೆಗೋ ಡಾಕ್ಟರ ಹತ್ತಿರ ಹೋದಾಗ, ಹಿಂದಿನ ರಿಪೋರ್ಟ್ ಕಾರ್ಡುಗಳನ್ನು ತಿರುವಿ ನೋಡಿದಾಗ, ಎಡಿಎಚ್‌ಡಿ ಸಿಗುತ್ತದೆ.

ಹಣ ಮತ್ತು ಶಾಲೆಯ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಕೌನ್ಸೆಲರ್ ಇರುವ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿಗೇ ಮಾತು ಬರುತ್ತದೆ. ಕೆಲವೊಮ್ಮೆ ಅದು ಮಗುವಿನ ಕಾಳಜಿಯಿಂದ, ಕೆಲವೊಮ್ಮೆ 'ಷ್ಯಾಡೋ ಟೀಚರ್ (ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಕೂತು ನೋಡಿಕೊಳ್ಳುವವರು) ಇಟ್ಟುಕೊಳ್ಳಿ, ಇಲ್ಲಾಂದ್ರೆ ಬೇರೆ ಸ್ಕೂಲ್ ನೋಡಿ' ಎನ್ನುವುದಕ್ಕೆ ಪೀಠಿಕೆಯಾಗಿ. ಸರ್ಕಾರಿ ಶಾಲೆಯಲ್ಲಿ ಅದೇ ಮಗು 'ಪೋಲಿ' ಅನ್ನಿಸಿಕೊಂಡು ಹೊರಗೆ ನಿಲ್ಲುತ್ತದೆ, ಒಂದಿನ ಶಾಲೆ ಬಿಡುತ್ತದೆ. ಕಾಗದದ ಮೇಲೆ ವ್ಯವಸ್ಥೆ ಇಲ್ಲದೆ ಏನಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ನೋಡಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ಹಲ್ಲು, ಚರ್ಮ, ಕಣ್ಣು, ಹೃದಯ ಎಲ್ಲ ನೋಡಿ ಒಂದೇ ದಿನದಲ್ಲಿ ಇಡೀ ಶಾಲೆ ಮುಗಿಸುವ ತಂಡಕ್ಕೆ, ಆರು ತಿಂಗಳ ನಡವಳಿಕೆ ಕೇಳಿ ತಿಳಿಯುವ ಸಮಸ್ಯೆ ಎಷ್ಟು ಕಂಡೀತು?

ಬೆಂಗಳೂರಿನಲ್ಲೇ ನಡೆದ ಒಂದು ಹಳೆಯ ಅಧ್ಯಯನ ಇಲ್ಲಿ ನೆನಪಾಗುತ್ತದೆ. ನಿಮ್ಹಾನ್ಸ್‌ನ ತಜ್ಞರು ನಗರದ ಮಧ್ಯಮ ವರ್ಗದ ಬಡಾವಣೆ, ಸ್ಲಮ್ಮು ಮತ್ತು ಹಳ್ಳಿಗಳಲ್ಲಿ 2,064 ಮಕ್ಕಳನ್ನು ನೋಡಿದ್ದರು. ಅದು ಪ್ರಕಟವಾದದ್ದು 2005ರಲ್ಲಿ. ನೂರಕ್ಕೆ ಸುಮಾರು 12 ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಸ್ಲಮ್ಮಿಗೂ ಬಡಾವಣೆಗೂ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ತಮ್ಮ ಮಗುವಿಗೆ ಏನೋ ತೊಂದರೆ ಇದೆ ಎಂದು ಮನೆಯವರಿಗೆ ಅನ್ನಿಸಿದ್ದು ಅಂಥ ನೂರು ಮನೆಗಳಲ್ಲಿ 37-38ರಲ್ಲಿ ಮಾತ್ರ. ಮಿಕ್ಕವರು ತೊಂದರೆಯ ಜೊತೆಗೇ ಬದುಕುತ್ತಿದ್ದರು.

ಬೇಗ ತಿಳಿದರೆ ಏನು ಲಾಭ?

ಬೇಗ ತಿಳಿಯುವುದು ಎಂದರೆ ಬೇಗ ಮಾತ್ರೆ ಎಂದು ಜನ ಹೆದರುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆಯೇ ಅಲ್ಲ. ಅಪ್ಪ ಅಮ್ಮನಿಗೆ ಕೊಡುವ ತರಬೇತಿ. ಕೇಳಲು ದೊಡ್ಡ ವಿಷಯ ಅನ್ನಿಸಿದರೂ ಅದರಲ್ಲಿರುವುದು ತೀರಾ ಸಣ್ಣ ಸಣ್ಣ ಸಂಗತಿಗಳು. ಬೆಳಿಗ್ಗೆ ಅಡುಗೆಮನೆಯಿಂದ ಅಮ್ಮ ಕೂಗುತ್ತಾಳೆ: 'ಶೂ ಹಾಕ್ಕೋ, ಬ್ಯಾಗ್ ತಗೋ, ಬಾಟಲ್ ಮರೀಬೇಡ, ಅಜ್ಜಿಗೆ ಟಾಟಾ ಮಾಡು.' ನಾಲ್ಕು ಕೆಲಸ. ಮಗುವಿನ ತಲೆಯಲ್ಲಿ ನಿಂತದ್ದು ಶೂ. ಅದರಲ್ಲೂ ಒಂದು ಕಾಲಿನದು. ತರಬೇತಿಯಲ್ಲಿ ಅಮ್ಮ ಕಲಿಯುವುದು ಹತ್ತಿರ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು, ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಮಾಡಿದ ತಕ್ಷಣ ಹೊಗಳುವುದು, ಸಂಜೆಗೆ ಕೂಡಿಡದೆ. ಸಣ್ಣ ತಪ್ಪುಗಳನ್ನು ನೋಡಿಯೂ ನೋಡದಂತಿರುವುದು. ಇದಕ್ಕೆ ಡಯಾಗ್ನೋಸಿಸ್ ಚೀಟಿ ಬೇಕೇ ಬೇಕು ಅಂತಿಲ್ಲ. ಎಡಿಎಚ್‌ಡಿ ಇಲ್ಲದ ಮಗುವಿಗೂ ಇದರಿಂದ ನಷ್ಟವಿಲ್ಲ. ನಾಲ್ಕನೇ ವಯಸ್ಸಿನ ಪ್ರಶ್ನೆಗೆ ನನ್ನ ಉತ್ತರವೂ ಇದೇ: ಹೆಸರಿಡಲು ಅವಸರ ಬೇಡ, ಸಹಾಯ ಶುರು ಮಾಡಲು ತಡ ಬೇಡ.

ಆರು ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಆಗ ಮಾತ್ರೆ ನಿಜವಾಗಿ ಕೆಲಸ ಮಾಡುತ್ತದೆ, ಮುಖ್ಯವಾಗಿ ಮಿಥೈಲ್‌ಫೆನಿಡೇಟ್. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳು. ಆದ್ದರಿಂದ ಎತ್ತರ, ತೂಕ, ನಾಡಿಬಡಿತ ನೋಡುತ್ತಿರಬೇಕು. ನಮ್ಮಲ್ಲಿ ಇದು ಮಾದಕ ವಸ್ತು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯಡಿ ಬರುವ ಔಷಧಿ. ಬೀದಿ ಮೂಲೆಯ ಎಲ್ಲ ಮೆಡಿಕಲ್ ಶಾಪಿನಲ್ಲೂ ಇಡುವುದಿಲ್ಲ. ಇನ್ನೊಂದು ಔಷಧಿ ಆಟೊಮೊಕ್ಸೆಟಿನ್ ಕೆಲಸ ಮಾಡಲು ಕೆಲವು ವಾರ ಬೇಕು. ಮಾತ್ರೆ ಬೇಕೋ ಬೇಡವೋ ಎಂಬುದು ಮಗು ಎಷ್ಟು ಕಷ್ಟಪಡುತ್ತಿದೆ ಎಂಬುದರ ಮೇಲೆ ನಿಲ್ಲಬೇಕು. 'ಮಾತ್ರೆ ಹಾಕಿಸಿದ್ರೆ ಮಾತ್ರ ಕ್ಲಾಸಿಗೆ ಬನ್ನಿ' ಅಂತ ಶಾಲೆ ಹೇಳುವಂತಿಲ್ಲ, ಹೇಳಬಾರದು.

ಕಾನೂನೂ ಈ ವಯಸ್ಸಿನ ಆಟದಲ್ಲಿ ಪಾಲುದಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ತೊಂದರೆ ಇದೆ. ಎಡಿಎಚ್‌ಡಿ ಹೆಸರು ಇಲ್ಲ. ಕಲಿಕಾ ತೊಂದರೆಗೆ ಸರ್ಟಿಫಿಕೇಟ್ ಕೊಡಲು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ 8 ವರ್ಷ ಎಂದಿತ್ತು, 14 ಮತ್ತು 18ಕ್ಕೆ ಮರುಪರೀಕ್ಷೆ. ಬರೀ ಎಡಿಎಚ್‌ಡಿ ಇರುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುವ ದಾರಿ ಇದರಿಂದ ಮಸುಕಾಗಿದೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಮಾತ್ರ ಗಾಬರಿಯಿಂದ ಓಡುವ ಪೋಷಕರನ್ನು ಇದೇ ವ್ಯವಸ್ಥೆ ಹುಟ್ಟಿಸಿದೆ.

'ದೊಡ್ಡವನಾದ್ಮೇಲೆ ಸರಿ ಹೋಗ್ತಾನೆ'

ಮನೆಯ ಹಿರಿಯರ ಮಾತುಗಳಲ್ಲಿ ಎರಡನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. 'ಅವರಪ್ಪನೂ ಹೀಗೇ ಇದ್ದ' ಎಂಬುದು ಪಕ್ಕಾ ಮಾಹಿತಿ. ಎಡಿಎಚ್‌ಡಿ ವಂಶದಲ್ಲಿ ಹರಿದು ಬರುವುದು ತುಂಬಾ ಜಾಸ್ತಿ. ಅವಳಿಗಳ ಅಧ್ಯಯನಗಳು ವಂಶವಾಹಿಯ ಪಾಲನ್ನು ನೂರಕ್ಕೆ 74ರ ಸುತ್ತ ಇಡುತ್ತವೆ. ಅಜ್ಜಿ ಅದನ್ನು ಸಮಾಧಾನಕ್ಕೆ ಹೇಳುತ್ತಾರೆ, ಡಾಕ್ಟರು ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಾರೆ. ಮಗುವಿನ ಫಾರ್ಮು ತುಂಬಲು ಹೋಗಿ ತನ್ನದೇ ಕಥೆ ಓದಿದಂತಾದ ಅಪ್ಪಂದಿರೂ ಉಂಟು. ಮಲಯಾಳಂ ನಟ ಫಹಾದ್ ಫಾಸಿಲ್ ತಮಗೆ 41ನೇ ವಯಸ್ಸಿಗೆ ಎಡಿಎಚ್‌ಡಿ ಇರುವುದು ಗೊತ್ತಾಯಿತು ಎಂದು 2024ರಲ್ಲಿ ಹೇಳಿಕೊಂಡ ಮೇಲೆ, ನಮ್ಮ ಐಟಿ ಕಂಪನಿಗಳ ಕ್ಯಾಂಟೀನುಗಳಲ್ಲೂ ಈ ಮಾತು ಸಲೀಸಾಯಿತು.

'ದೊಡ್ಡವನಾದ್ಮೇಲೆ ಸರಿ ಹೋಗ್ತಾನೆ' ಎಂಬುದು ಅರ್ಧ ಸತ್ಯ. 2007ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಮೆದುಳಿನ ಹೊರಪದರದ ಬೆಳವಣಿಗೆ ಅಳೆದಿತ್ತು. ಬೇರೆ ಮಕ್ಕಳಲ್ಲಿ ಅದರ ದಪ್ಪ ಗರಿಷ್ಠ ಮಟ್ಟ ಮುಟ್ಟುವ ವಯಸ್ಸು ಸುಮಾರು ಏಳೂವರೆ. ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆ. ಕ್ರಮ ಅದೇ, ಮೂರು ವರ್ಷ ತಡ. ಓಡಾಟ, ಜಿಗಿದಾಟ ವಯಸ್ಸಾದಂತೆ ಇಳಿಯುವುದನ್ನು ಮನೆಗಳಲ್ಲೂ ನೋಡುತ್ತೇವೆ. ಆದರೆ ಗಮನ ಜಾರುವುದು, ಮರೆವು, ಕೆಲಸವನ್ನು ಕೊನೇ ಗಳಿಗೆಗೆ ತಳ್ಳುವುದು ಬಹಳ ಮಂದಿಯಲ್ಲಿ ಉಳಿಯುತ್ತದೆ. ಜೊತೆಗೆ, ಸರಿ ಹೋಗಲಿ ಅಂತ ಕಾಯುವ ಆ ಎಂಟು ಹತ್ತು ವರ್ಷಗಳಲ್ಲಿ ಮಗು ದಿನಾ ಬೈಸಿಕೊಳ್ಳುತ್ತಿರುತ್ತದೆ. ಆ ಲೆಕ್ಕ ಯಾವ ಸ್ಕ್ಯಾನಿನಲ್ಲೂ ಬರುವುದಿಲ್ಲ.

ತೋರಿಸಲೇಬೇಕು ಅನ್ನಿಸಿದವರಿಗೆ ಬೆಂಗಳೂರಿನಲ್ಲಿ ದಾರಿಗಳಿಗೆ ಕೊರತೆ ಇಲ್ಲ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ, ಪಕ್ಕದಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಕಿವಿ ಮತ್ತು ಕಣ್ಣಿನ ಪರೀಕ್ಷೆಯ ರಿಪೋರ್ಟು, ಹಿಂದಿನ ಎರಡು ಮೂರು ವರ್ಷದ ರಿಪೋರ್ಟ್ ಕಾರ್ಡು, ಮಗುವಿನ ಒಂದೆರಡು ನೋಟ್‌ಬುಕ್ಕು, ಕ್ಲಾಸ್ ಟೀಚರ್ ಬರೆದುಕೊಟ್ಟ ಅರ್ಧ ಪುಟ, ಎರಡು ವಾರದ ನಿದ್ದೆಯ ಲೆಕ್ಕ ಜೊತೆಗಿರಲಿ. ಮಗು ಐದಾರು ವರ್ಷದ್ದಾಗಿದ್ದು ಡಾಕ್ಟರು 'ಈಗಲೇ ಹೇಳೋಕಾಗಲ್ಲ, ಸ್ವಲ್ಪ ಕಾಯೋಣ' ಅಂದರೆ ಅದು ಒಳ್ಳೆಯ ಡಾಕ್ಟರ ಲಕ್ಷಣ. ಆದರೆ ಅಷ್ಟಕ್ಕೇ ಎದ್ದು ಬರಬೇಡಿ. ಕಾಯುವ ಆರು ತಿಂಗಳು ಮನೆಯಲ್ಲಿ ಏನು ಮಾಡಬೇಕು, ಶಾಲೆಗೆ ಏನು ಹೇಳಬೇಕು, ಮತ್ತೆ ಯಾವ ತಾರೀಖಿಗೆ ಬರಬೇಕು, ಈ ಮೂರನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.